ಎಂಟು ಅಕ್ಷರಗಳ ಲಾಭ: ‘ಕ್ಯಾಟ್’ ವರದಿಗಳ ಒಂದು ವಿಮರ್ಶೆ

ವೈದ್ಯಶಾಸ್ತ್ರದ ಪ್ರಯೋಗವರದಿಗಳನ್ನು ಕೊನೆಯ ವಾಕ್ಯದಿಂದ ಓದುವ ಅಭ್ಯಾಸವೊಂದು ಬೆಳೆದು ಬಂದಿದೆ. ತೀರ್ಮಾನವೇನೆಂಬುದು ತಿಳಿದರೆ ಸಾಕು. ಆ ತೀರ್ಮಾನಕ್ಕೆ ಯಾವ ಅಳತೆಗೋಲನ್ನು ಹಿಡಿದು ಬಂದರು, ಅಳೆಯದೆ ಬಿಟ್ಟುದೇನು ಎಂಬ ವಿಚಾರ ಹಿಂದುಳಿಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ರಾಷ್ಟ್ರೀಯ ನೇತ್ರಸಂಸ್ಥೆಯ ಧನಸಹಾಯದಿಂದ ನಡೆದು, 2011ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ‘ಕ್ಯಾಟ್’ ಪ್ರಯೋಗದ ವರದಿಗೂ ಇದೇ ಗತಿ ಒದಗಿದೆ. ‘ಅಗ್ಗದ ಮದ್ದೂ ದುಬಾರಿಯ ಮದ್ದೂ ಒಂದೇ’ ಎಂಬ ಒಂದೇ ಮಾತಾಗಿ ಅದು ಲೋಕದಲ್ಲಿ ಸಂಚರಿಸುತ್ತಿದೆ. ಆ ಮಾತು ಸುಳ್ಳಲ್ಲ. ಆದರೆ ವರದಿ ಹೇಳುವುದು ಅಷ್ಟನ್ನು ಮಾತ್ರವೇ ಅಲ್ಲ. ಆ ವರದಿಯನ್ನೂ, 2012 ಮತ್ತು 2016ರಲ್ಲಿ ಹೊರಬಂದ ಅದರ ಮುಂದಿನ ಭಾಗಗಳನ್ನೂ ಒಟ್ಟಿಗೆ ಇಟ್ಟು ಗುಣದೋಷಗಳನ್ನು ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಮೊದಲು ವಿಷಯದ ಪೀಠಿಕೆ. ಕಣ್ಣಿನ ಒಳಗೋಡೆಗೆ ಹಾಸಿದಂತಿರುವ ಅಕ್ಷಿಪಟಲದ ನಡುವೆ ಮ್ಯಾಕ್ಯುಲವೆಂಬ ಚಿಕ್ಕ ಪ್ರದೇಶವಿದೆ. ಓದುವುದಕ್ಕೂ, ಎದುರು ಬಂದವರ ಮುಖವನ್ನು ಗುರುತಿಸುವುದಕ್ಕೂ ಇದೇ ಆಧಾರ. ವೃದ್ಧಾಪ್ಯದಲ್ಲಿ ಕೆಲವರಿಗೆ ಇದರ ಅಡಿಯಲ್ಲಿ ವಿಕಾರವಾದ ರಕ್ತನಾಳಗಳು ಹುಟ್ಟಿ, ನೀರನ್ನೂ ರಕ್ತವನ್ನೂ ಸುರಿಸಿ, ನಡುನೋಟವನ್ನು ಹಾಳುಗೆಡವುತ್ತವೆ. ಈ ನಾಳಗಳನ್ನು ಪ್ರಚೋದಿಸುವ ವಿ.ಇ.ಜಿ.ಎಫ್. ಎಂಬ ಪ್ರೋಟೀನನ್ನು ತಡೆಯುವ ಮದ್ದನ್ನು ಸೂಜಿಯ ಮೂಲಕ ಕಣ್ಣಿನೊಳಕ್ಕೆ ಬಿಡುವುದು ಇಂದಿನ ಚಿಕಿತ್ಸಾಕ್ರಮ. 2006ರಲ್ಲಿ ಪ್ರಕಟವಾದ ‘ಮರೀನ’ ಎಂಬ ಪ್ರಯೋಗದಲ್ಲಿ ರಾನಿಬಿಜುಮ್ಯಾಬ್ ಎಂಬ ಮದ್ದು ಪಡೆದವರ ನೋಟ ಸರಾಸರಿಯಲ್ಲಿ ಏರಿತು. ಮದ್ದಿಲ್ಲದೆ ಚುಚ್ಚಿದಂತೆ ನಟಿಸಲಾದವರ ನೋಟ ಇಳಿಯಿತು. ಇದಕ್ಕೆ ಮುಂಚಿನ ಚಿಕಿತ್ಸೆಗಳು ಬಹುಮಟ್ಟಿಗೆ ನಷ್ಟವನ್ನು ನಿಧಾನಗೊಳಿಸುವುದಷ್ಟನ್ನೇ ಸಾಧಿಸಿದ್ದುವು. ಕಳೆದುಕೊಂಡ ನೋಟವನ್ನು ಹಿಂದಕ್ಕೆ ತರಬಹುದೆಂಬುದು ಹೊಸ ಸಂಗತಿಯಾಗಿದ್ದಿತು.

ಆದರೆ ಮದ್ದಿನ ಬೆಲೆ ಒಂದು ಸಲಕ್ಕೆ ಸುಮಾರು 2,000 ಡಾಲರು. ಇದೇ ವೇಳೆಗೆ, ಕರುಳಿನ ಕ್ಯಾನ್ಸರಿಗೆಂದು 2004ರಲ್ಲಿ ಅನುಮತಿ ಪಡೆದಿದ್ದ ಬೆವಾಸಿಜುಮ್ಯಾಬ್ ಎಂಬ, ಅದೇ ಸಂಸ್ಥೆಯ ಅದೇ ಜಾತಿಯ ಮದ್ದನ್ನು ವೈದ್ಯರು ಸಣ್ಣ ಪ್ರಮಾಣದಲ್ಲಿ ಕಣ್ಣಿಗೆ ಬಳಸತೊಡಗಿದ್ದರು. ಅದರ ವೆಚ್ಚ ಸಲವೊಂದಕ್ಕೆ ಸುಮಾರು 50 ಡಾಲರು. ಎರಡನ್ನೂ ಎದುರುಬದುರಾಗಿ ನಿಲ್ಲಿಸಿ ಪರೀಕ್ಷಿಸುವುದರಿಂದ ಮಾರಾಟಗಾರರಿಗೆ ಲಾಭವಿರಲಿಲ್ಲ. ಆದುದರಿಂದ ಆ ಹೊರೆಯನ್ನು ಸಾರ್ವಜನಿಕ ಹಣವೇ ಹೊರಬೇಕಾಯಿತು. ಪ್ರಶ್ನೆಯನ್ನು ಕೇಳಿದುದೇ ಈ ಪ್ರಯೋಗದ ಮೊದಲ ಹಿರಿಮೆ ಎಂದು ನಾವು ಎಣಿಸುತ್ತೇವೆ.

ಪ್ರಯೋಗದ ರಚನೆ ಸರಳವೂ ದೃಢವೂ ಆಗಿದೆ. 1,208 ರೋಗಿಗಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪುಗಳಾಗಿ ಹಂಚಿದರು: ಎರಡು ಮದ್ದುಗಳು, ಪ್ರತಿಯೊಂದಕ್ಕೂ ಎರಡು ಕ್ರಮಗಳು. ಒಂದು ಕ್ರಮದಲ್ಲಿ ತಿಂಗಳು ತಿಂಗಳೂ ಚುಚ್ಚುವುದು. ಇನ್ನೊಂದರಲ್ಲಿ ರೋಗದ ಚಿಹ್ನೆ ಕಂಡಾಗ ಮಾತ್ರ ಚುಚ್ಚುವುದು. ವರ್ಷಾಂತ್ಯದಲ್ಲಿ ತಿಂಗಳ ಕ್ರಮದಲ್ಲಿ ರಾನಿಬಿಜುಮ್ಯಾಬ್ ಪಡೆದವರಿಗೆ 8.5 ಅಕ್ಷರಗಳೂ, ಬೆವಾಸಿಜುಮ್ಯಾಬ್ ಪಡೆದವರಿಗೆ 8.0 ಅಕ್ಷರಗಳೂ ಸರಾಸರಿ ಲಾಭವಾದುವು. ಅಗತ್ಯ ಬಿದ್ದಾಗ ಚುಚ್ಚುವ ಕ್ರಮದಲ್ಲಿ ಈ ಲಾಭ ಕ್ರಮವಾಗಿ 6.8 ಮತ್ತು 5.9. ಒಂದು ವರ್ಷದ ಮದ್ದಿನ ವೆಚ್ಚವಾದರೋ, ತಿಂಗಳ ರಾನಿಬಿಜುಮ್ಯಾಬಿಗೆ ರೋಗಿಯೊಬ್ಬರಿಗೆ 23,400 ಡಾಲರು. ಅಗತ್ಯಕ್ಕೆ ತಕ್ಕ ಬೆವಾಸಿಜುಮ್ಯಾಬಿಗೆ 385 ಡಾಲರು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿ ಕಂಡವರಿಗೆ ಬೇರೆ ಯಾವ ವಾದವೂ ಬೇಕಾಗಲಿಲ್ಲವೆಂಬುದು ಆಶ್ಚರ್ಯವಲ್ಲ.

ನಮ್ಮ ಮೊದಲನೆಯ ಆಕ್ಷೇಪ ಇಲ್ಲಿಯೇ ಹುಟ್ಟುತ್ತದೆ. ಸಂಶೋಧಕರು ಮೊದಲೇ ಒಂದು ಗೆರೆ ಹಾಕಿಕೊಂಡಿದ್ದರು: ಐದು ಅಕ್ಷರಗಳಿಗಿಂತ ಹೆಚ್ಚಿನ ಕೊರತೆ ಇಲ್ಲವೆಂದು ಸ್ಥಿರಪಟ್ಟರೆ ಎರಡು ಚಿಕಿತ್ಸೆಗಳು ಸಮಾನ. ಇದರಂತೆ ಒಂದೇ ಕ್ರಮದಲ್ಲಿ ಕೊಟ್ಟಾಗ ಎರಡು ಮದ್ದುಗಳು ಸಮಾನವೆಂದಾಯಿತು. ಆದರೆ ಬೆವಾಸಿಜುಮ್ಯಾಬನ್ನು ಅಗತ್ಯ ಬಿದ್ದಾಗ ಕೊಡುವುದು, ಅದನ್ನೇ ತಿಂಗಳು ತಿಂಗಳೂ ಕೊಡುವುದಕ್ಕೆ ಸಮಾನವೇ ಎಂಬ ಹೋಲಿಕೆಯಲ್ಲಿ ಮಾತ್ರ ಉತ್ತರ ಅನಿಶ್ಚಿತವಾಗಿಯೇ ಉಳಿಯಿತು. ಗಮನಿಸಬೇಕಾದುದೇನೆಂದರೆ, ನಾಲ್ಕರಲ್ಲಿ ಅತಿ ಅಗ್ಗವಾದುದು ಇದೇ. ಬಡವರ ಪಾಲಿಗೆ ಬರುವುದೂ ಇದೇ. ‘ಎರಡೂ ಒಂದೇ’ ಎಂಬ ಮಾತನ್ನು ಹಿಡಿದು ಈ ನಾಲ್ಕನೆಯ ಕ್ರಮವನ್ನು ಆಶ್ರಯಿಸುವವರು, ವರದಿ ಕೊಡದ ಭರವಸೆಯನ್ನು ವರದಿಯ ಹೆಸರಿನಲ್ಲಿ ಪಡೆಯುತ್ತಿದ್ದಾರೆ. 2012ರ ಭಾಗದಲ್ಲಿ ಈ ಸಂದೇಹ ಇನ್ನಷ್ಟು ಬಲವಾಯಿತು. ಎರಡು ವರ್ಷಗಳ ಕೊನೆಗೆ ಅಗತ್ಯಕ್ಕೆ ತಕ್ಕ ಕ್ರಮ ತಿಂಗಳ ಕ್ರಮಕ್ಕಿಂತ ಸರಾಸರಿ 2.4 ಅಕ್ಷರಗಳಷ್ಟು ಹಿಂದೆ ಬಿದ್ದಿದ್ದಿತು.

‘ಅಗತ್ಯ ಬಿದ್ದಾಗ’ ಎಂಬ ಹೆಸರೂ ದಾರಿ ತಪ್ಪಿಸುವಂಥದು. ಕೇಳಿದವರಿಗೆ, ನೋಟ ಮಂಜಾದಾಗ ಆಸ್ಪತ್ರೆಗೆ ಹೋದರಾಯಿತು ಎಂದು ತೋರಬಹುದು. ಪ್ರಯೋಗದಲ್ಲಿ ನಡೆದುದು ಹಾಗಲ್ಲ. ಆ ಗುಂಪಿನವರೂ ನಾಲ್ಕು ವಾರಗಳಿಗೊಮ್ಮೆ ತಪ್ಪದೆ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿದ್ದಿತು. ಉಳಿದದ್ದು ಸೂಜಿಯೇ ಹೊರತು ಪ್ರಯಾಣವಲ್ಲ. ಹಳ್ಳಿಯಿಂದ ನಗರದ ಕಣ್ಣಾಸ್ಪತ್ರೆಗೆ ಮಗನನ್ನೋ ಮೊಮ್ಮಗಳನ್ನೋ ಜತೆಗೆ ಕರೆದುಕೊಂಡು ಹೋಗಬೇಕಾದ ವೃದ್ಧರಿಗೆ, ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು ಮದ್ದಿನ ಬೆಲೆಯಷ್ಟೇ ದೊಡ್ಡ ಪ್ರಶ್ನೆ. ಮದ್ದಿನ ವೆಚ್ಚವನ್ನು ಡಾಲರಿನವರೆಗೆ ಲೆಕ್ಕ ಹಾಕಿದ ಪಟ್ಟಿಯಲ್ಲಿ ಈ ವೆಚ್ಚಕ್ಕೆ ಸ್ಥಾನವಿಲ್ಲ.

ಎರಡನೆಯದು ಅಳತೆಗೋಲಿನ ವಿಚಾರ. ಲಾಭನಷ್ಟಗಳನ್ನೆಲ್ಲ ಇಲ್ಲಿ ಎಣಿಸಿರುವುದು ಅಕ್ಷರಗಳಲ್ಲಿ. ಗೋಡೆಯ ಮೇಲಿನ ಫಲಕದಲ್ಲಿ ಸಾಲಿಗೆ ಐದರಂತೆ, ಕೆಳಗಿಳಿದಂತೆ ಸಣ್ಣದಾಗುವ ಅಕ್ಷರಗಳಿರುತ್ತವೆ; ಎಷ್ಟನ್ನು ಸರಿಯಾಗಿ ಓದಿದರೆಂಬುದೇ ಅಂಕ. ಎಂಟು ಅಕ್ಷರಗಳ ಲಾಭವೆಂದರೆ ಒಂದೂವರೆ ಸಾಲಿಗಿಂತ ತುಸು ಹೆಚ್ಚು. ಇಂಥ ಅಳತೆಗೆ ದೊಡ್ಡ ಗುಣವೊಂದುಂಟು: ಯಾವ ಊರಿನಲ್ಲಿ ಅಳೆದರೂ ಒಂದೇ ತೂಕ. ಆದರೆ ಸರಾಸರಿಯೆಂಬುದು ಯಾವ ರೋಗಿಯ ಅನುಭವವೂ ಅಲ್ಲ. ಒಬ್ಬರಿಗೆ ಇಪ್ಪತ್ತು ಅಕ್ಷರ ಕೂಡಿ, ಇನ್ನೊಬ್ಬರಿಗೆ ನಾಲ್ಕು ಕಳೆದರೂ ಸರಾಸರಿ ಎಂಟೇ. ಬಿಡಿ ಅಕ್ಷರ ಕಂಡ ಮಾತ್ರಕ್ಕೆ ಸಾಲುಸಾಲಾಗಿ ಓದಬಲ್ಲರೆಂದಾಗಲಿ, ಮುಸ್ಸಂಜೆಯಲ್ಲಿ ಮೆಟ್ಟಿಲು ಇಳಿಯಬಲ್ಲರೆಂದಾಗಲಿ ಹೇಳಲಾಗದು.

ಈ ಕೊರತೆಯನ್ನು ವರದಿಯ ಒಳಗಿನ ಸಾಕ್ಷ್ಯವೇ ತೋರಿಸಿಕೊಡುತ್ತದೆ. ಅಕ್ಷಿಪಟಲದ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಓ.ಸಿ.ಟಿ. ಯಂತ್ರದಿಂದ ನೋಡಿದಾಗ, ವರ್ಷಾಂತ್ಯಕ್ಕೆ ನೀರು ಪೂರ್ತಿ ಆರಿದ್ದವರ ಪ್ರಮಾಣ ತಿಂಗಳ ರಾನಿಬಿಜುಮ್ಯಾಬ್ ಗುಂಪಿನಲ್ಲಿ ನೂರಕ್ಕೆ 43.7, ತಿಂಗಳ ಬೆವಾಸಿಜುಮ್ಯಾಬ್ ಗುಂಪಿನಲ್ಲಿ 26.0. ಅಕ್ಷರಗಳಲ್ಲಿ ಕಾಣದ ಭೇದ ಚಿತ್ರದಲ್ಲಿ ಕಾಣುತ್ತದೆ. ಹಾಗೆಂದು ದುಬಾರಿಯ ಮದ್ದೇ ಮೇಲೆಂದು ಆತುರಪಡುವುದೂ ಸಲ್ಲದು. ಎರಡು ವರ್ಷಗಳ ವರದಿಯಲ್ಲಿ, ಅಕ್ಷಿಪಟಲದ ಭಾಗಗಳು ಕ್ಷಯಿಸುವ ದೋಷ ತಿಂಗಳು ತಿಂಗಳೂ ಚುಚ್ಚಿಸಿಕೊಂಡವರಲ್ಲಿಯೇ ಹೆಚ್ಚಾಗಿ ಕಂಡುಬಂದಿತು. ಹೆಚ್ಚು ಒಣಗಿಸಿದುದೆಲ್ಲ ಹೆಚ್ಚು ಒಳಿತೆಂದಲ್ಲ. ಇಂಥ ವಿರೋಧಗಳನ್ನು ಮುಚ್ಚಿಡದೆ ಅಚ್ಚು ಹಾಕಿದುದು ಸಂಶೋಧಕರ ಪ್ರಾಮಾಣಿಕತೆಗೆ ಸಾಕ್ಷಿ.

ಅಪಾಯದ ಪ್ರಶ್ನೆಯಲ್ಲಿ ವರದಿ ದುರ್ಬಲವಾಗಿದೆ. ಮೊದಲ ವರ್ಷದಲ್ಲಿ ದೇಹಕ್ಕೆ ಸಂಬಂಧಿಸಿದ ಗಂಭೀರ ತೊಂದರೆಗಳು ಬೆವಾಸಿಜುಮ್ಯಾಬ್ ಪಡೆದವರಲ್ಲಿ ನೂರಕ್ಕೆ 24.1, ರಾನಿಬಿಜುಮ್ಯಾಬ್ ಪಡೆದವರಲ್ಲಿ 19.0. ಇದನ್ನು ಹಿಡಿದು ಅಗ್ಗದ ಮದ್ದನ್ನು ಹಳಿದವರುಂಟು. ಆದರೆ ಹೆಚ್ಚಿದ ತೊಂದರೆಗಳಲ್ಲಿ ಬಹುಪಾಲು, ಈ ಜಾತಿಯ ಮದ್ದಿಗೂ ತಮಗೂ ಸಂಬಂಧವುಂಟೆಂದು ಹಿಂದೆ ತಿಳಿದಿರದ ಬಗೆಯವು. ಹೃದಯಾಘಾತ, ಪಾರ್ಶ್ವವಾಯು, ಮರಣಗಳಲ್ಲಿ ಅಂಥ ಭೇದ ಕಾಣಲಿಲ್ಲ. ಸಾವಿರದ ಇನ್ನೂರು ಜನರ ಪ್ರಯೋಗ ಇಂಥ ವಿರಳ ಅಪಾಯಗಳನ್ನು ತೀರ್ಮಾನಿಸಲು ಸಾಲದು. 2014ರಲ್ಲಿ ಕಾಕ್ರೇನ್ ಬಳಗದವರು ಒಂಬತ್ತು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ, ಎರಡು ಮದ್ದುಗಳ ನಡುವೆ ಗಂಭೀರ ತೊಂದರೆಗಳಲ್ಲಿ ಗಣನೀಯ ವ್ಯತ್ಯಾಸ ಸಿದ್ಧವಾಗಲಿಲ್ಲ. ಮತ್ತೊಂದು ಚಿಕ್ಕ ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಯಾವ ಮದ್ದೆಂಬುದು ರೋಗಿಗೆ ತಿಳಿಯಬಾರದೆಂದು ನಿಯಮವಿದ್ದರೂ, ವಿಮೆಯ ಪತ್ರಗಳಲ್ಲಿ ರಾನಿಬಿಜುಮ್ಯಾಬಿನ ಹೆಸರು ನಮೂದಾಗುತ್ತಿದ್ದಿತು. ಕೆಲವರಿಗೆ ಗುಟ್ಟು ತಿಳಿದಿರಲು ಸಾಧ್ಯ. ಬೆಲೆ ಅಷ್ಟು ದೊಡ್ಡದಾದರೆ ಅದನ್ನು ಮುಚ್ಚಿಡುವುದೂ ಕಷ್ಟ.

ಇನ್ನು 2016ರ ಭಾಗ. ಎರಡು ವರ್ಷಗಳಾದ ಮೇಲೆ ಪ್ರಯೋಗದ ಕಟ್ಟು ಸಡಿಲಿತು; ರೋಗಿಗಳು ತಂತಮ್ಮ ವೈದ್ಯರ ಬಳಿ ಸಾಧಾರಣ ರೀತಿಯಲ್ಲಿ ಚಿಕಿತ್ಸೆ ಪಡೆಯತೊಡಗಿದರು. ಐದು ವರ್ಷಗಳಾದಾಗ ಬದುಕಿದ್ದ 914 ಮಂದಿಯಲ್ಲಿ 647 ಮಂದಿಯನ್ನು ಮರಳಿ ಪರೀಕ್ಷಿಸಿದರು. ಅರ್ಧದಷ್ಟು ಜನರ ನೋಟ 20/40 ಅಥವಾ ಅದಕ್ಕಿಂತ ಉತ್ತಮವಾಗಿದ್ದಿತು. ಐದರಲ್ಲೊಬ್ಬರ ನೋಟ 20/200 ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದಿತು. ಸರಾಸರಿ ನೋಟ ಎರಡು ವರ್ಷಗಳಲ್ಲಿ ಮುಟ್ಟಿದ್ದ ಮಟ್ಟದಿಂದ 11 ಅಕ್ಷರ ಕುಸಿದು, ಚಿಕಿತ್ಸೆಯ ಆರಂಭದಲ್ಲಿದ್ದುದಕ್ಕಿಂತಲೂ 3 ಅಕ್ಷರ ಕಡಮೆಯಾಗಿದ್ದಿತು. ಗಳಿಸಿದುದೆಲ್ಲ ಕರಗಿತು. ಮರಳಿ ಬಾರದ 267 ಮಂದಿಯ ಗತಿ ಈ ಲೆಕ್ಕಕ್ಕೆ ಸೇರಿಲ್ಲ. ಬಂದವರಿಗಿಂತ ಅವರ ಸ್ಥಿತಿ ಕೆಟ್ಟಿರಬಹುದೆಂದು ಶಂಕಿಸುವುದು ಸಹಜ. ‘ಅಕ್ಷರ’ವೆಂದರೆ ನಾಶವಿಲ್ಲದುದು ಎಂದು ನಮ್ಮ ಹಿರಿಯರು ಅರ್ಥ ಹೇಳಿದರು. ಈ ಫಲಕದ ಅಕ್ಷರಗಳಿಗೆ ಆ ಮಾತು ಸಲ್ಲುವುದಿಲ್ಲ.

ಇದನ್ನು ಮದ್ದಿನ ಸೋಲೆಂದು ಓದುವುದು ಅನ್ಯಾಯ. ಮದ್ದಿಲ್ಲದ ಕಾಲದಲ್ಲಿ ಐದು ವರ್ಷಗಳ ತರುವಾಯ ಅರ್ಧದಷ್ಟು ಜನ ಇಷ್ಟು ನೋಟ ಉಳಿಸಿಕೊಳ್ಳುವುದೆಂದರೆ ನಂಬಲಾಗದ ಮಾತು. ನಮ್ಮ ತಿಳಿವಳಿಕೆಯಲ್ಲಿ ಇದು ಬೇರೊಂದು ಸತ್ಯವನ್ನು ಹೇಳುತ್ತದೆ. ಮೊದಲ ಎರಡು ವರ್ಷಗಳ ಫಲವನ್ನು ಕೊಟ್ಟುದು ಮದ್ದೊಂದೇ ಅಲ್ಲ. ತಿಂಗಳಿಗೊಮ್ಮೆ ತಪ್ಪದೆ ಕರೆದು, ನೋಡಿ, ಬರೆದಿಡುತ್ತಿದ್ದ ಒಂದು ವ್ಯವಸ್ಥೆ. ಹಿಡಿತ ಸಡಿಲಿದ ಮೇಲಿನ ಕುಸಿತಕ್ಕೆ ರೋಗದ ಸ್ವಂತ ಗತಿಯೂ ಕಾರಣವಿರಬಹುದು. ಎರಡರ ಪಾಲನ್ನು ಬೇರ್ಪಡಿಸಲು ಈ ವರದಿಯಿಂದ ಸಾಧ್ಯವಿಲ್ಲ. ಆದರೂ ಪ್ರಯೋಗಶಾಲೆಯ ಶಿಸ್ತಿನಲ್ಲಿ ಬಂದ ಫಲವನ್ನು ಸಾಮಾನ್ಯ ಬದುಕಿನ ಫಲವೆಂದು ರೋಗಿಗೆ ಮಾತು ಕೊಡಬಾರದು.

ಒಟ್ಟಿನಲ್ಲಿ ‘ಕ್ಯಾಟ್’ ಬಹು ಬೆಲೆಯುಳ್ಳ ಕೆಲಸ. ಸಾಮಾನ್ಯನಿಗೆ ಎಟುಕುವ ಮದ್ದೊಂದಕ್ಕೆ ಶಾಸ್ತ್ರದ ಬೆಂಬಲವನ್ನು ಅದು ದೊರಕಿಸಿತು. ಭಾರತದಲ್ಲಿಯೂ 2015ರಲ್ಲಿ ರಾನಿಬಿಜುಮ್ಯಾಬಿಗೆ ಸದೃಶವಾದ, ಬೆಲೆ ಕಡಮೆಯಾದ ಮದ್ದು ಇಲ್ಲಿಯೇ ತಯಾರಾಗಿ ಅನುಮತಿ ಪಡೆಯಿತು. ಮದ್ದಿನ ಬೆಲೆ ಹೀಗೆ ಇಳಿದಷ್ಟೂ, ರೋಗಿಯನ್ನು ತಿಂಗಳು ತಿಂಗಳೂ ಮರಳಿ ಕರೆತರುವುದು ಹೇಗೆಂಬ ಪ್ರಶ್ನೆಯೇ ಮುಂದಕ್ಕೆ ಬರುತ್ತದೆ. ಆ ಪ್ರಶ್ನೆಯನ್ನು ನಮ್ಮ ನಾಡಿನ ಆಸ್ಪತ್ರೆಗಳಲ್ಲಿ, ನಮ್ಮ ರೋಗಿಗಳ ನಡುವೆಯೇ ಶೋಧಿಸಬೇಕು. ಅಂಥ ಶೋಧನೆಯನ್ನು ಕೈಗೊಳ್ಳುವವರು, ಎಷ್ಟು ಅಕ್ಷರ ಕೂಡಿತು ಎಂಬುದರ ಜತೆಗೆ, ಎಷ್ಟು ಮಂದಿ ಐದನೆಯ ವರ್ಷದಲ್ಲಿಯೂ ಬಾಗಿಲಿಗೆ ಬಂದರು, ಬಾರದವರು ಏಕೆ ಬರಲಿಲ್ಲ ಎಂಬುದನ್ನೂ ಬರೆದಿಡಲಿ ಎಂಬುದು ನಮ್ಮ ಅಪೇಕ್ಷೆ.