ಧ್ವನಿಕಾರ್ಡು ವೋಲ್ಟ್‌ಮಾಪಕವಲ್ಲ

ಕಂಪ್ಯೂಟರಿನ ಧ್ವನಿಕಾರ್ಡು 16 ಬಿಟ್‌ನದು, ಸಾಮಾನ್ಯ ದತ್ತಸಂಗ್ರಹ ಕಾರ್ಡು 12 ಬಿಟ್‌ನದು. ಆದ್ದರಿಂದ ಮೊದಲನೆಯದೇ ಹೆಚ್ಚು ನಿಖರ ಎಂಬ ವಾದವನ್ನು ನೀವು ಕೇಳಿರಬಹುದು. 16 ಬಿಟ್ ಎಂದರೆ 65,536 ಮೆಟ್ಟಿಲು, ನಿಜ. ಆದರೆ ಒಂದು ಮೆಟ್ಟಿಲು ಎಷ್ಟು ವೋಲ್ಟ್? ಅದನ್ನು ತಯಾರಕರು ಸಾಮಾನ್ಯವಾಗಿ ಹೇಳುವುದಿಲ್ಲ. ಧ್ವನಿಮಟ್ಟದ ಗುಂಡಿ ಸರಿಸಿದರೆ ಅದೂ ಬದಲು. ಅಂಕಿಯಿಲ್ಲದ ಅಳತೆಪಟ್ಟಿಯಲ್ಲಿ ಗೆರೆಗಳು ಎಷ್ಟು ಒತ್ತಾಗಿದ್ದರೇನು! ±10 ವೋಲ್ಟ್ ವ್ಯಾಪ್ತಿಯ 12 ಬಿಟ್ ಕಾರ್ಡಿನಲ್ಲಿ ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್, ಒರಟಾದರೂ ಗೊತ್ತಿರುವ ಅಳತೆ.

ಇನ್ನೊಂದು ತೊಡಕು ಹೆಚ್ಚು ಗಂಭೀರ. ಧ್ವನಿಕಾರ್ಡಿನ ಪ್ರವೇಶದಲ್ಲಿ ಸಾಮಾನ್ಯವಾಗಿ ಒಂದು ಕೆಪಾಸಿಟರ್ ಇದ್ದು, ನೇರ ವೋಲ್ಟೇಜನ್ನು ತಡೆಯುತ್ತದೆ. ಹಲವು ಸೆಕೆಂಡುಗಳಲ್ಲಿ ಬರಿದಾಗುವ ಕೆಪಾಸಿಟರನ್ನು ಇದಕ್ಕೆ ಜೋಡಿಸಿ ನೋಡಿ. ತೆರೆಯ ಮೇಲೆ ಥಟ್ಟನೆ ಎದ್ದು ಇಳಿಯುವ ರೇಖೆ ನಿಮ್ಮ ಮಂಡಲದ್ದಲ್ಲ, ಬಹುಮಟ್ಟಿಗೆ ಕಾರ್ಡಿನ ಒಳಗಿರುವ ಕೆಪಾಸಿಟರಿನದು. ಅದು ಪಠ್ಯದ ಚಿತ್ರದಂತೆಯೇ ಅಂದವಾಗಿ ಇಳಿಯುವುದರಿಂದ ವಿದ್ಯಾರ್ಥಿಗೆ ಸಂಶಯವೇ ಬಾರದು. ನನ್ನ ಆಕ್ಷೇಪ ಇಲ್ಲಿಯೇ.

ಕಾಲದ ಅಳತೆಗಾದರೆ ಧ್ವನಿಕಾರ್ಡನ್ನು ದೂರಬೇಡಿ. ಸೆಕೆಂಡಿಗೆ 44,100 ಮಾದರಿ. ನಡೆಸುವುದು ಸ್ಫಟಿಕ ಗಡಿಯಾರ. ಶ್ರುತಿಕವೆಯ ಆವೃತ್ತಿ, ಪುಟಿಯುವ ಚೆಂಡಿನ ಎರಡು ಸದ್ದುಗಳ ನಡುವಣ ಅಂತರ, ಇವಕ್ಕೆ ಅದು ಧಾರಾಳವಾಗಿ ಸಾಕು. ಥರ್ಮಿಸ್ಟರಿನ ತಾಪವೋ ಬ್ಯಾಟರಿಯ ನಿಧಾನ ಇಳಿತವೋ ಬೇಕಾದಾಗ ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ರೂಪಿಸಿದ ‘ಎಕ್ಸ್‌ಪೈಸ್’ನಂಥ 12 ಬಿಟ್ ಉಪಕರಣಕ್ಕೆ ಹಣ ಹೊಂದಿಸಿ.