ಶಾಲೆಯ ಗಾಳಿಗೆ ಹೊಣೆ ಯಾರು?

ವಿಮರ್ಶೆಯೆಂದರೆ ಕಾವ್ಯ, ನಾಟಕ, ಕಾದಂಬರಿಗಳ ಗುಣದೋಷವಿವೇಚನೆಯೆಂದೇ ಬಗೆದಿರುವ ನಮ್ಮಲ್ಲಿ, ಸರಕಾರದ ಇಲಾಖೆಯೊಂದು ಶಾಲೆಗಳ ಉಪಯೋಗಕ್ಕೆಂದು ಅಚ್ಚುಹಾಕಿಸಿದ ಕೈಪಿಡಿಗಳ ಕಟ್ಟೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವಾಗಿ ಕಂಡೀತು. ಆದರೆ ಒಂದು ಸಮಾಜವು ತನ್ನ ಮಕ್ಕಳ ವಿಷಯದಲ್ಲಿ ಯಾವುದನ್ನು ಕರ್ತವ್ಯವೆಂದು ಅಂಗೀಕರಿಸಿದೆ, ಯಾವುದನ್ನು ಒಳ್ಳೆಯವರ ಔದಾರ್ಯಕ್ಕೆ ಬಿಟ್ಟುಕೊಟ್ಟಿದೆ ಎಂಬುದು ಅದರ ಕಾವ್ಯಗಳಿಗಿಂತ ಹೆಚ್ಚು ಸ್ಫುಟವಾಗಿ ಇಂಥ ಕಾಗದಪತ್ರಗಳಲ್ಲಿ ಗೋಚರಿಸುವುದುಂಟು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಪರಿಸರ ಸಂರಕ್ಷಣಾ ಸಂಸ್ಥೆಯು 1995ರಲ್ಲಿ ‘ಇಂಡೋರ್ ಏರ್ ಕ್ವಾಲಿಟಿ ಟೂಲ್ಸ್ ಫಾರ್ ಸ್ಕೂಲ್ಸ್’ ಎಂಬ ಹೆಸರಿನಿಂದ ಹೊರತಂದ ಕಟ್ಟು ಈ ಜಾತಿಯದು. ಸಾರ್ವಜನಿಕ ಶಾಲೆಗಳ ಕಟ್ಟಡದೊಳಗಿನ ಗಾಳಿಯನ್ನು ನಿರ್ಮಲವಾಗಿ ಇಟ್ಟುಕೊಳ್ಳುವ ಬಗೆಯನ್ನು ಅದು ಬೋಧಿಸುತ್ತದೆ. ಅಂದಿನಿಂದ ಪರಿಷ್ಕಾರಗಳನ್ನು ಪಡೆಯುತ್ತ, ಆ ದೇಶದಲ್ಲಿ ಈ ವಿಷಯದ ಮುಖ್ಯ ಮಾರ್ಗದರ್ಶಿಗಳಲ್ಲೊಂದಾಗಿ ನಿಂತಿರುವ ಈ ಕೃತಿಯಲ್ಲಿ ಮೆಚ್ಚತಕ್ಕದ್ದು ಬಹಳವಿದೆ. ಅದು ಹೇಳದೆ ಬಿಟ್ಟದ್ದೂ ಅಷ್ಟೇ ಗಮನಾರ್ಹವಾಗಿದೆ.

ಕೃತಿಯನ್ನು ತೂಗುವ ಮೊದಲು ಅದರ ಹಿಂದಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಮ್ಯೂನಿಕ್ ನಗರದ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿಯೇ, ಜನರು ಕುಳಿತ ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಸಾವಿರಕ್ಕೆ ಒಂದು ಪಾಲನ್ನು ಮೀರಬಾರದೆಂದು ಹೇಳಿದ್ದನು. ಆ ಅನಿಲವೇ ವಿಷವೆಂದು ಅವನ ಅಭಿಪ್ರಾಯವಲ್ಲ. ಉಸಿರಿನೊಡನೆ ಹೊರಬೀಳುವ ಉಳಿದ ಮಾಲಿನ್ಯವೆಲ್ಲ ಎಷ್ಟು ಕೂಡಿಕೊಂಡಿದೆಯೆಂಬುದನ್ನು ತೋರಿಸುವ ಸೂಚಿಯಾಗಿ ಅವನು ಅದನ್ನು ಹಿಡಿದನು. ಆ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದ ಎಂಜಿನಿಯರರು ತಲೆಗೆ ನಿಮಿಷಕ್ಕೆ 30 ಘನ ಅಡಿ ಹೊರಗಾಳಿ ಬೇಕೆಂದು ನಿಶ್ಚಯಿಸಿದರು. ಮುಂದಿನ ಶತಮಾನದ ಮೊದಲ ಪಾದದಲ್ಲಿ ಅಲ್ಲಿಯ ಅನೇಕ ಸಂಸ್ಥಾನಗಳು ಶಾಲೆಗಳ ಮಟ್ಟಿಗೆ ಆ ಪ್ರಮಾಣವನ್ನು ಶಾಸನವಾಗಿಯೇ ವಿಧಿಸಿದವು. ವಿನ್ಸ್ಲೋ ಎಂಬ ಆರೋಗ್ಯಶಾಸ್ತ್ರಜ್ಞನ ಅಧ್ಯಕ್ಷತೆಯಲ್ಲಿ ವರ್ಷಗಟ್ಟಲೆ ಶೋಧನೆ ನಡೆಸಿ 1923ರಲ್ಲಿ ವರದಿ ಪ್ರಕಟಿಸಿದ ನ್ಯೂಯಾರ್ಕ್ ಸಂಸ್ಥಾನದ ವಾಯುಸಂಚಾರ ಆಯೋಗವು, ಯಂತ್ರಬಲದಿಂದ ಗಾಳಿ ತುಂಬುವ ಕೊಠಡಿಗಳಿಗಿಂತ, ಕಿಟಕಿಯಿಂದ ಒಳಬಂದ ಗಾಳಿಯು ಬಿಸಿಯಾಗಿ ಗೋಡೆಯ ಕೊಳವೆಯ ಮೂಲಕ ತಾನಾಗಿಯೇ ಹೊರಹೋಗುವ ಕೊಠಡಿಗಳು ಮಕ್ಕಳಿಗೆ ಹಿತವೆಂದು ಆ ಶಾಸನವನ್ನು ಆಕ್ಷೇಪಿಸಿತು. ಗಾಳಿ ಬರಬೇಕಾದ ಮಾರ್ಗದ ವಿಷಯದಲ್ಲಿ ಆ ಕಾಲದವರಲ್ಲಿ ವಿವಾದವಿದ್ದಿತು. ಗಾಳಿ ಬರಲೇಬೇಕೆಂಬ ವಿಷಯದಲ್ಲಿ ಇರಲಿಲ್ಲ.

ಆ ಸಮ್ಮತಿಯನ್ನು ಕೆಡಿಸಿದ್ದು ಎಣ್ಣೆಯ ಬೆಲೆ. 1973ರ ತೈಲಸಂಕಟದ ತರುವಾಯ, ಚಳಿಗಾಲದಲ್ಲಿ ಕಾಯಿಸಬೇಕಾದ ಪ್ರತಿಯೊಂದು ಘನ ಅಡಿ ಹೊರಗಾಳಿಯೂ ದುಂದುವೆಚ್ಚವೆಂದು ತೋರತೊಡಗಿ, ಕಿಟಕಿಗಳು ಕಿರಿದಾದವು, ಸಂದುಗಳು ಮುಚ್ಚಿದವು. ಆಶ್ರೇ ಎಂದು ಪ್ರಸಿದ್ಧವಾದ ತಾಪನ ಮತ್ತು ಶೀತಲೀಕರಣ ಎಂಜಿನಿಯರರ ಸಂಘವು 1981ರ ತನ್ನ ಮಾನಕದಲ್ಲಿ ತಲೆಗೆ ನಿಮಿಷಕ್ಕೆ 5 ಘನ ಅಡಿಯಷ್ಟು ಕನಿಷ್ಠಕ್ಕೂ ಒಪ್ಪಿಗೆಯಿತ್ತಿತು. ತಲೆನೋವು, ಕಣ್ಣುರಿ, ಮಂಕುಗಳಿಂದ ಬಳಲಿದವರ ದೂರುಗಳು ಬೆಳೆದ ಮೇಲೆ, 1989ರಲ್ಲಿ, ಆ ಸಂಖ್ಯೆ 15ಕ್ಕೆ ಏರಿತು. ಆದರೆ ನಡುವಣ ವರ್ಷಗಳಲ್ಲಿ ಕಟ್ಟಿದ ಶಾಲೆಗಳು ಕಟ್ಟಿದಂತೆಯೇ ಉಳಿದವು. ನಮ್ಮ ಕೈಪಿಡಿಗಳು ಹುಟ್ಟಿದ್ದು ಈ ಸನ್ನಿವೇಶದಲ್ಲಿ.

ಈ ಕಟ್ಟಿನ ಮೊದಲ ಗುಣವೆಂದರೆ ಅದರ ಲೋಕಜ್ಞಾನ. ಗಾಳಿಯೆಂಬುದು ಎಂಜಿನಿಯರನ ಪಾಲಿನ ವಸ್ತುವೆಂದು ಭಾವಿಸದೆ, ಶಾಲೆಯೊಳಗೆ ಕೆಲಸಮಾಡುವ ಪ್ರತಿಯೊಬ್ಬನ ಕೈಯೂ ಅದನ್ನು ಕೆಡಿಸಬಲ್ಲದು, ಕಾಪಾಡಲೂ ಬಲ್ಲದು ಎಂದು ತಿಳಿದು, ಅಧ್ಯಾಪಕರಿಗೆ ಒಂದು, ಅಡುಗೆಮನೆಯವರಿಗೆ ಒಂದು, ಕಸಗುಡಿಸಿ ಕಟ್ಟಡ ನೋಡಿಕೊಳ್ಳುವವರಿಗೆ ಒಂದು, ಶಾಲೆಯ ದಾದಿಗೆ ಒಂದು, ಕಚೇರಿಯವರಿಗೆ ಒಂದು ಎಂಬಂತೆ ಬೇರೆಬೇರೆ ತಪಾಸಣಾ ಪಟ್ಟಿಗಳನ್ನು ಅದು ರಚಿಸಿಕೊಟ್ಟಿದೆ. ಆ ಪಟ್ಟಿಗಳಲ್ಲಿರುವ ಪ್ರಶ್ನೆಗಳು ಎಷ್ಟು ಸಾಮಾನ್ಯವಾದವೋ ಅಷ್ಟೇ ಸೂಕ್ಷ್ಮವಾದವು. ಗೋಡೆಬದಿಯ ವಾಯುಯಂತ್ರದ ಮೇಲೆ ಪುಸ್ತಕಗಳನ್ನು ಪೇರಿಸಿ ಅದರ ಬಾಯಿಯನ್ನು ಮುಚ್ಚಿಲ್ಲವಷ್ಟೆ? ಮೇಲ್ಛಾವಣಿಯ ಹಲಗೆಗಳ ಮೇಲೆ ನೀರಿನ ಕಲೆಗಳಿವೆಯೆ? ಬಳಕೆಯಿಲ್ಲದ ಬಚ್ಚಲುಕಂಡಿಗಳಿಗೆ ಆಗಾಗ ನೀರು ಹೊಯ್ಯುತ್ತಿರುವಿರಾ? (ಕೊಳವೆಯ ಬಾಗಿನಲ್ಲಿ ನಿಂತ ನೀರು ಆರಿದರೆ ಚರಂಡಿಯ ದುರ್ವಾಯು ನೆಟ್ಟಗೆ ತರಗತಿಗೆ ಬರುತ್ತದೆ.) ಮಕ್ಕಳನ್ನು ಕರೆತಂದ ಬಸ್ಸುಗಳು, ಕಟ್ಟಡವು ಗಾಳಿ ಸೇದುವ ಕಿಂಡಿಯ ಬಳಿಯಲ್ಲಿ, ಎಂಜಿನ್ನನ್ನು ನಿಲ್ಲಿಸದೆ ನಿಂತಿರುತ್ತವೆಯೆ? ಗಾಳಿ ಚಲಿಸುತ್ತಿದೆಯೊ ಇಲ್ಲವೊ ಎಂದು ಅರಿಯಲು ಉಪಕರಣವೇನೂ ಬೇಡ, ತೆಳುವಾದ ಕಾಗದದ ಚೂರೊಂದನ್ನು ಕಿಂಡಿಗೆ ಹಿಡಿದು ನೋಡಿದರೆ ಸಾಕು ಎಂಬ ಸಲಹೆಯಲ್ಲಿ ಪಾಂಡಿತ್ಯದ ಬಿಂಕವಿಲ್ಲದ ವಿವೇಕವಿದೆ.

ಎರಡನೆಯ ಗುಣ ತರತಮಜ್ಞಾನ. ಮಾಲಿನ್ಯ ಹುಟ್ಟುವ ಮೂಲವನ್ನು ಮೊದಲು ತೆಗೆಯಿರಿ, ಅದಾಗದಿದ್ದಲ್ಲಿ ಹುಟ್ಟಿದ ಸ್ಥಳದಿಂದಲೇ ಅದನ್ನು ಹೊರಕ್ಕೆ ಸೆಳೆಯಿರಿ, ಆಮೇಲೆ ಹೊರಗಾಳಿಯಿಂದ ತಿಳಿಗೊಳಿಸಿರಿ ಎಂಬ ಅದರ ಕ್ರಮವು ಶಾಸ್ತ್ರಸಮ್ಮತವಾದದ್ದು. ಬೂಷ್ಟು ಬೆಳೆದಲ್ಲಿ ಸುಗಂಧ ಸಿಂಪಡಿಸುವುದು ಪರಿಹಾರವಲ್ಲ. ಸೋರುವ ನೀರನ್ನು ನಿಲ್ಲಿಸಿ ತೇವವನ್ನು ಆರಿಸುವುದೇ ಪರಿಹಾರ. ಜಿರಲೆಗೆ ವಿಷ ಹೊಡೆಯುವುದಕ್ಕಿಂತ ಅದಕ್ಕೆ ಸಿಗುವ ಅನ್ನ, ನೀರು, ಸಂದುಗಳನ್ನು ಇಲ್ಲದಂತೆ ಮಾಡುವುದು ಮೇಲು. ಆಸ್ತಮಾ ಇರುವ ಮಗುವಿಗೆ ಜಿರಲೆಯೂ ಶತ್ರು, ವಿಷವೂ ಶತ್ರು ಎಂಬುದನ್ನು ಬಲ್ಲವರು ಬರೆದ ಮಾತುಗಳಿವು.

ಇಷ್ಟು ಗುಣಗಳಿದ್ದ ಕೃತಿಯು ತನ್ನ ಉದ್ದೇಶವನ್ನು ಸಾಧಿಸಿತೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಅದು ಹೊರಬಂದ 1995ರಲ್ಲಿಯೇ, ಅಮೆರಿಕದ ಶಾಸನಸಭೆಗೆ ಅಧೀನವಾದ ಲೆಕ್ಕಪರಿಶೋಧನಾ ಸಂಸ್ಥೆಯು, ದೇಶದ ಶಾಲೆಗಳಲ್ಲಿ ಮೂರರಲ್ಲೊಂದು ಪಾಲಿಗೆ ಭಾರಿ ದುರಸ್ತಿಯೋ ಪುನರ್ನಿರ್ಮಾಣವೋ ಬೇಕೆಂದೂ, ಅವುಗಳಲ್ಲಿ 1 ಕೋಟಿ 40 ಲಕ್ಷ ಮಕ್ಕಳು ಓದುತ್ತಿದ್ದಾರೆಂದೂ ವರದಿಮಾಡಿತ್ತು. ಇಪ್ಪತ್ತೈದು ವರ್ಷಗಳ ತರುವಾಯ, 2020ರಲ್ಲಿ, ಅದೇ ಸಂಸ್ಥೆಯು ಮತ್ತೆ ವಿಚಾರಿಸಿದಾಗ, ನೂರಕ್ಕೆ 41ರಷ್ಟು ಶಾಲಾಜಿಲ್ಲೆಗಳು ತಮ್ಮ ಅರ್ಧಕ್ಕೆ ಕಡಮೆಯಿಲ್ಲದ ಶಾಲೆಗಳಲ್ಲಿ ವಾಯುಸಂಚಾರ ಮತ್ತು ತಾಪನದ ಯಂತ್ರಗಳನ್ನು ಬದಲಿಸಬೇಕಾಗಿದೆ ಅಥವಾ ನವೀಕರಿಸಬೇಕಾಗಿದೆಯೆಂದು ತಿಳಿಯಿತು. ಸುಮಾರು 36,000 ಶಾಲೆಗಳ ಸ್ಥಿತಿ ಇದು. ಎರಡು ವರದಿಗಳ ಅಳತೆಗೋಲು ಒಂದೇ ಅಲ್ಲವಾದ್ದರಿಂದ ಒಂದರಿಂದ ಇನ್ನೊಂದನ್ನು ಕಳೆದು ಫಲವನ್ನು ಗಣಿಸಲಾಗದು. ಆದರೆ ಕಾಲು ಶತಮಾನದ ಸದುಪದೇಶವು ಹಳೆಯ ಯಂತ್ರವನ್ನು ಹೊಸದಾಗಿಸಲಿಲ್ಲವೆಂದು ಹೇಳುವುದಕ್ಕೆ ಗಣಿತ ಬೇಕಾಗಿಲ್ಲ.

ಇಲ್ಲಿಯೇ ಕೃತಿಯ ಮೂಲದೋಷವಿದೆ. ಅದು ಆದ್ಯಂತವಾಗಿ ಸ್ವಯಂಪ್ರೇರಣೆಯನ್ನು ಅವಲಂಬಿಸಿದೆ. ಹೊರಗಿನ ಗಾಳಿಗೆ ಶಾಸನವುಂಟು. ಶಾಲೆಯೊಳಗಿನ ಗಾಳಿಯ ಮೇಲೆ ಪರಿಸರ ಸಂರಕ್ಷಣಾ ಸಂಸ್ಥೆಗೆ ನಿಯಂತ್ರಣಾಧಿಕಾರವಿಲ್ಲ. ಕಟ್ಟಡವನ್ನು ಕಟ್ಟುವಾಗ ಕಟ್ಟಡಸಂಹಿತೆ ಅನ್ವಯಿಸುತ್ತದೆ. ಕಟ್ಟಿದ ಮೇಲೆ ಆ ಯಂತ್ರ ನಡೆಯುತ್ತಿದೆಯೆ ಎಂದು ಕೇಳುವ ಅಧಿಕಾರಿ ಬಹುಪಾಲು ಸಂಸ್ಥಾನಗಳಲ್ಲಿ ಇಲ್ಲ. ಕೆಲಸಗಾರರ ರಕ್ಷಣೆಗಾಗಿ ಇರುವ ಓಶಾ ಎಂಬ ಸಂಸ್ಥೆಯು 1994ರಲ್ಲಿ ಒಳಾಂಗಣದ ಗಾಳಿಗೆ ಸಂಬಂಧಿಸಿದ ನಿಯಮವೊಂದನ್ನು ಸೂಚಿಸಿ, 2001ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಒಂದು ವೇಳೆ ಅದು ಜಾರಿಗೆ ಬಂದಿದ್ದರೂ, ವಿದ್ಯಾರ್ಥಿಯು ಕೆಲಸಗಾರನಲ್ಲವಾದ್ದರಿಂದ ಅದರ ನೇರ ರಕ್ಷಣೆಗೆ ಪಾತ್ರನಾಗುತ್ತಿರಲಿಲ್ಲ. ಸಂಸ್ಥಾನ ಮತ್ತು ಸ್ಥಳೀಯ ಸರಕಾರಗಳ ನೌಕರರು ಓಶಾದ ಆಡಳಿತಕ್ಕೆ ಒಳಪಡುವವರಲ್ಲವಾದ್ದರಿಂದ ಅನೇಕ ಸಂಸ್ಥಾನಗಳ ಸಾರ್ವಜನಿಕ ಶಾಲೆಯ ಅಧ್ಯಾಪಕನೂ ಆಗುತ್ತಿರಲಿಲ್ಲ. ಒಂದು ಕಾಲದಲ್ಲಿ ಶಾಲೆಯ ಗಾಳಿಯನ್ನು ಶಾಸನದಿಂದ ಅಳೆದುಕೊಟ್ಟ ದೇಶವು, ಎಪ್ಪತ್ತು ವರ್ಷಗಳು ಕಳೆದ ಮೇಲೆ, ಅದೇ ಗಾಳಿಯ ವಿಷಯದಲ್ಲಿ ಸಲಹೆಯ ಪುಸ್ತಕವನ್ನು ಹಂಚುವ ಸ್ಥಿತಿಗೆ ಬಂದದ್ದನ್ನು ಪ್ರಗತಿಯೆನ್ನಲಾಗದು. ದೋಷವು ಪುಸ್ತಕ ಬರೆದವರದಲ್ಲ. ತಮಗೆ ಅಧಿಕಾರವಿಲ್ಲದೆಡೆಯಲ್ಲಿ ಅವರು ಜ್ಞಾನವನ್ನಾದರೂ ಕೊಟ್ಟರು. ಆದರೆ ತಮಗೆ ಅಧಿಕಾರವಿಲ್ಲವೆಂಬ ಸಂಗತಿಯನ್ನು ಓದುಗನ ಮುಂದೆ ಇಟ್ಟು, ಈ ಕೊರತೆಯನ್ನು ನೀಗಿಸಿಕೊಳ್ಳಿರೆಂದು ಅವರು ಒತ್ತಿ ಹೇಳಬಹುದಾಗಿತ್ತು.

ಎರಡನೆಯ ದೋಷ ಹಣದ ವಿಷಯವಾದದ್ದು. ಈ ಕೈಪಿಡಿಗಳು ವೆಚ್ಚವಿಲ್ಲದ ಅಥವಾ ಅಲ್ಪವೆಚ್ಚದ ಉಪಾಯಗಳನ್ನು ಹೆಮ್ಮೆಯಿಂದ ಮುಂದಿಡುತ್ತವೆ. ಪುಸ್ತಕಗಳನ್ನು ಸರಿಸುವುದಕ್ಕೆ ಹಣ ಬೇಡವೆಂಬುದು ನಿಜ. ಸೋರುವ ಛಾವಣಿಗೆ ಬೇಕು. ಆ ದೇಶದಲ್ಲಿ ಶಾಲೆಯ ಕಟ್ಟಡದ ಖರ್ಚು ಬಹುಮಟ್ಟಿಗೆ ಆಯಾ ಊರಿನ ಆಸ್ತಿತೆರಿಗೆಯನ್ನು ನಂಬಿರುವುದರಿಂದ, ಯಾವ ಊರಿನ ಮಕ್ಕಳಲ್ಲಿ ಉಬ್ಬಸ ಹೆಚ್ಚೊ ಆ ಊರಿನ ಶಾಲೆಯೇ ದುರಸ್ತಿಗೆ ದುಡ್ಡಿಲ್ಲದ ಶಾಲೆಯಾಗಿರುವುದು ಸಾಮಾನ್ಯ. ಪಥ್ಯವನ್ನು ವಿವರವಾಗಿ ಬರೆದುಕೊಟ್ಟು, ಮನೆಯಲ್ಲಿ ಅಕ್ಕಿಯಿದೆಯೆ ಎಂದು ಕೇಳದೆ ಹೊರಟುಹೋದ ವೈದ್ಯನಂತೆ ಈ ಕೃತಿಯು ಬಡಶಾಲೆಯ ಬಾಗಿಲಿನಿಂದ ಹಿಂದಿರುಗುತ್ತದೆ.

ಹಾಗಾದರೆ ಹಣವೊಂದಿದ್ದರೆ ಸಾಕೆ? ಕೋವಿಡ್ ಮಾರಿಯು ಹಬ್ಬಿದಾಗ ಈ ಪ್ರಶ್ನೆಯೂ ಪರೀಕ್ಷೆಗೆ ಒಳಗಾಯಿತು. ರೋಗವು ಗಾಳಿಯಲ್ಲಿ ತೇಲಿಬರುವುದೆಂಬುದು ಸ್ಥಿರಪಟ್ಟ ಮೇಲೆ, ಅಲ್ಲಿಯ ಕೇಂದ್ರ ಸರಕಾರವು 2020 ಮತ್ತು 2021ರಲ್ಲಿ ಮೂರು ಕಂತುಗಳಲ್ಲಿ ಶಾಲೆಗಳಿಗೆ ಕೊಟ್ಟ ಸುಮಾರು 190 ಶತಕೋಟಿ ಡಾಲರುಗಳನ್ನು ವಾಯುಸಂಚಾರದ ಸುಧಾರಣೆಗೂ ಬಳಸಬಹುದೆಂದು ಅನುಮತಿಯಿತ್ತಿತು. ಆದರೆ ಯಂತ್ರವನ್ನು ಕೊಳ್ಳುವುದಕ್ಕೂ ಗಾಳಿಯನ್ನು ಪಡೆಯುವುದಕ್ಕೂ ಇರುವ ಅಂತರವನ್ನು, ಅದೇ 2020ರಲ್ಲಿ ಕ್ಯಾಲಿಫೋರ್ನಿಯದಿಂದ ಪ್ರಕಟವಾದ ಒಂದು ಅಧ್ಯಯನವು ಮರೆಯಲಾಗದಂತೆ ತೋರಿಸಿತ್ತು. ಹೊಸ ಯಂತ್ರಗಳನ್ನು ಈಚೆಗಷ್ಟೇ ಜೋಡಿಸಿದ್ದ 11 ಶಾಲೆಗಳ 104 ತರಗತಿಗಳನ್ನು ಪರೀಕ್ಷಿಸಿದಾಗ, ಮಾನಕಕ್ಕೆ ತಕ್ಕಷ್ಟು ಹೊರಗಾಳಿ ಬರುತ್ತಿದ್ದದ್ದು ಸುಮಾರು ನೂರಕ್ಕೆ 15ರಲ್ಲಿ ಮಾತ್ರ. ಕೆಲವೆಡೆ ಜೋಡಣೆಯೇ ತಪ್ಪು, ಕೆಲವೆಡೆ ನಿಯಂತ್ರಕದ ಹೊಂದಿಕೆ ತಪ್ಪು, ಕೆಲವೆಡೆ ಫಿಲ್ಟರುಗಳು ಕಟ್ಟಿಹೋಗಿದ್ದವು. ಕೊಂಡ ದಿನ ಇದ್ದ ಉತ್ಸಾಹವು ನಡೆಸುವ ದಿನಗಳಲ್ಲಿ ಇರಲಿಲ್ಲ. ನಡೆಯುತ್ತಿದೆಯೆ ಎಂದು ಅಳೆದು ನೋಡಿದವರೂ ಇರಲಿಲ್ಲ.

ಈ ಅಳೆಯುವ ವಿಷಯದಲ್ಲಿ ನಮ್ಮ ಕೃತಿಯ ಮೂರನೆಯ ಕೊರತೆಯನ್ನು ಕಾಣಬಹುದು. ಉಪಕರಣಗಳು ದುಬಾರಿಯಾಗಿಯೂ ಅವುಗಳ ಅಂಕಿಗಳು ಭ್ರಾಮಕವಾಗಿಯೂ ಇದ್ದ ಕಾಲದಲ್ಲಿ, ಮೊದಲು ಕಣ್ಣು ಮೂಗುಗಳನ್ನು ಬಳಸಿರಿ, ಗಾಳಿಯ ಪ್ರಯೋಗಶಾಲಾ ಪರೀಕ್ಷೆಗೆ ಆತುರಪಡಬೇಡಿರಿ ಎಂದು ಅದು ಹೇಳಿದ್ದು ಉಚಿತವೇ ಆಗಿತ್ತು. ಆದರೆ ಕಣ್ಣು ಮೂಗುಗಳು ಬಲುಬೇಗ ಒಗ್ಗಿಹೋಗುವ ಇಂದ್ರಿಯಗಳು; ಬೆಳಗಿನಿಂದ ಒಳಗೇ ಕುಳಿತವನಿಗೆ ತನ್ನ ಕೊಠಡಿಯ ಉಸಿರುಗಟ್ಟು ತಿಳಿಯುವುದಿಲ್ಲ. ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕೈಯಗಲದ ಸಾಧನ ಈಗ ಸಾಧಾರಣ ಬೆಲೆಗೆ ದೊರೆಯುತ್ತದೆ. ಬಾಸ್ಟನ್ ನಗರದ ಸಾರ್ವಜನಿಕ ಶಾಲೆಗಳು ತರಗತಿಗಳಲ್ಲೆಲ್ಲ ಇಂಥ ಸಾಧನಗಳನ್ನಿಟ್ಟು, ಅವುಗಳ ಅಂಕಿಗಳನ್ನು ಊರವರೆಲ್ಲ ನೋಡುವಂತೆ ಪ್ರಕಟಿಸುತ್ತಿವೆ. ಪೆಟೆನ್‌ಕೋಫರನ ಸೂಚಿಯು ವಿದ್ವಾಂಸರ ಕೈಯಿಂದ ತಂದೆತಾಯಿಗಳ ಕಣ್ಣಿಗೆ ಇಳಿದುಬಂದದ್ದು ಈ ಕ್ಷೇತ್ರದಲ್ಲಿ ಈಚೆಗೆ ಆದ ದೊಡ್ಡ ಲಾಭವೆಂದು ನನ್ನ ಮತ. ಅಳತೆಗೆ ಬೆಲೆಯುಂಟೆಂಬುದಕ್ಕೆ ಆಧಾರವೂ ಇದೆ: ಕ್ಯಾಲಿಫೋರ್ನಿಯದ 28 ಶಾಲೆಗಳ 162 ತರಗತಿಗಳನ್ನು ಎರಡು ವರ್ಷಕಾಲ ಗಮನಿಸಿ 2013ರಲ್ಲಿ ಪ್ರಕಟಿಸಿದ ಶೋಧನೆಯೊಂದು, ಪ್ರತಿಯೊಬ್ಬನಿಗೆ ಸೆಕೆಂಡಿಗೆ ಒಂದು ಲೀಟರು ಹೊರಗಾಳಿ ಹೆಚ್ಚಿದಲ್ಲಿ, ಕಾಯಿಲೆಯ ಗೈರುಹಾಜರಿ ನೂರಕ್ಕೆ 1.6ರಷ್ಟು ಇಳಿದಿರುವುದನ್ನು ಕಂಡಿತು. ಇದು ಸಹಚಾರವೇ ಹೊರತು ಕಾರ್ಯಕಾರಣಭಾವದ ಸಿದ್ಧಿಯಲ್ಲವೆಂದು ಎಚ್ಚರದಿಂದ ಹೇಳಬೇಕಾದರೂ, ತಿರಸ್ಕರಿಸತಕ್ಕ ಸೂಚನೆಯಲ್ಲ.

ಅಲ್ಪವೆಚ್ಚದ ಉಪಾಯಗಳಲ್ಲಿ ನಿಜವಾಗಿಯೂ ಫಲಕೊಟ್ಟದ್ದೊಂದನ್ನು ಇಲ್ಲಿ ಸ್ಮರಿಸುವುದು ನ್ಯಾಯ. ರಿಚರ್ಡ್ ಕೋರ್ಸಿ ಎಂಬ ಪ್ರಾಧ್ಯಾಪಕನ ಸೂಚನೆಯಂತೆ, ಫಿಲ್ಟರುಗಳ ತಯಾರಕನಾದ ಜಿಮ್ ರೋಸೆಂತಾಲ್ 2020ರಲ್ಲಿ ಕಟ್ಟಿದ ಪೆಟ್ಟಿಗೆಯು, ನಾಲ್ಕು ಫಿಲ್ಟರುಗಳನ್ನು ಗೋಡೆಗಳಾಗಿ ನಿಲ್ಲಿಸಿ, ಮೇಲೆ ಚೌಕದ ಫ್ಯಾನನ್ನಿರಿಸಿ, ಅಂಟುಪಟ್ಟಿಯಿಂದ ಬಿಗಿದ ಸರಳ ರಚನೆ. ಅನೇಕ ಕಡೆ ವಿದ್ಯಾರ್ಥಿಗಳೇ ಕೂಡಿ ಅದನ್ನು ಕಟ್ಟಿ ಶಾಲೆಗಳಿಗೆ ಕೊಟ್ಟರು. ಧೂಳು, ಹೊಗೆ, ರೋಗಾಣುಗಳಿಂದ ಕೂಡಿದ ಕಣಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಇಂಗಾಲದ ಡೈಆಕ್ಸೈಡನ್ನಾಗಲಿ ಇತರ ಅನಿಲಗಳನ್ನಾಗಲಿ ತೆಗೆಯಲಾರದು. ಆಪತ್ಕಾಲಕ್ಕೆ ಒದಗಿದ ಬಂಧುವೆಂದು ಅದನ್ನು ಗೌರವಿಸಬೇಕು. ಕಿಟಕಿಯ ಸ್ಥಾನವನ್ನು ಅದಕ್ಕೆ ಕೊಡಲಾಗದು.

ನಮ್ಮ ನಾಡಿನ ಓದುಗನಿಗೆ ಇದರಿಂದ ಗ್ರಾಹ್ಯವಾದುದೇನು? ಎದುರುಬದುರು ಕಿಟಕಿಗಳುಳ್ಳ, ಮಂಗಳೂರು ಹೆಂಚಿನ ಸಂದುಗಳಿಂದ ಬಿಸಿಗಾಳಿ ಹೊರಬೀಳುವ ನಮ್ಮ ಹಳೆಯ ಸರಕಾರಿ ಶಾಲೆಗಳಿಗೆ ಅಮೆರಿಕದ ಯಂತ್ರಗಳ ಚರ್ಚೆ ಬಹುಪಾಲು ಅಪ್ರಸ್ತುತ. ಆದರೆ ಮೂಲವನ್ನು ಮೊದಲು ತೆಗೆಯಿರೆಂಬ ಸೂತ್ರ ಅಪ್ರಸ್ತುತವಲ್ಲ. ಮಕ್ಕಳು ಒಳಬರುವ ಹೊತ್ತಿಗೇ ಒಣಕಸಬರಿಕೆಯಿಂದ ಎಬ್ಬಿಸುವ ಧೂಳು, ಒಣಬಟ್ಟೆಯಿಂದ ಒರಸಿದ ಬೋರ್ಡಿನ ಸೀಮೆಸುಣ್ಣದ ಪುಡಿ, ಬಿಸಿಯೂಟದ ಅಡುಗೆಮನೆಯ ಒಗ್ಗರಣೆಯ ಘಾಟು, ಮಳೆಗಾಲದಲ್ಲಿ ಗೋಡೆಗೆ ಏರುವ ಥಂಡಿ, ರಸ್ತೆಯ ಸದ್ದಿಗೆ ಅಂಜಿ ಮುಚ್ಚಿಟ್ಟ ಕಿಟಕಿ, ಇವೆಲ್ಲ ನಮ್ಮ ಪಟ್ಟಿಗೆ ಸೇರತಕ್ಕವು. ಕೈಪಿಡಿಗಳು ಹೇಳುವ ತಂಡವೂ ನಮ್ಮಲ್ಲಿ ಹೊಸದಾಗಿ ಹುಟ್ಟಬೇಕಾಗಿಲ್ಲ. ಪ್ರತಿಯೊಂದು ಸರಕಾರಿ ಶಾಲೆಗೂ ತಂದೆತಾಯಿಗಳನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. ಅದರ ಸಭೆಯಲ್ಲಿ ಗಾಳಿಯೂ ಒಂದು ವಿಷಯವಾಗಿ ದಾಖಲೆಗೆ ಬಂದರೆ ಈ ಕೃತಿಯ ಉತ್ತಮಾಂಶ ನಮಗೆ ದಕ್ಕಿದಂತೆ.

ಒಟ್ಟಿನಲ್ಲಿ ನನ್ನ ತೀರ್ಮಾನವಿಷ್ಟು. ಏನು ಮಾಡಬೇಕೆಂಬ ಭಾಗದಲ್ಲಿ ಈ ಕೈಪಿಡಿಗಳಿಗೆ ಸಾಟಿಯಾದವು ವಿರಳ. ಯಾರು ಮಾಡಲೇಬೇಕು, ಮಾಡದಿದ್ದರೆ ಏನು ಎಂಬ ಭಾಗದಲ್ಲಿ ಅವು ಮೌನವಾಗಿವೆ. ಮಗುವನ್ನು ಶಾಲೆಗೆ ಬರಲೇಬೇಕೆಂದು ಕಾನೂನಿನಿಂದ ಕಟ್ಟುವ ಸರಕಾರವು, ಆ ಮಗು ಅಲ್ಲಿ ಉಸಿರಾಡುವ ಗಾಳಿಗೂ ಕಾನೂನಿನಿಂದಲೇ ಕಟ್ಟುಬೀಳುವುದು ನ್ಯಾಯ. ಗೊತ್ತಾದ ಪ್ರಮಾಣ, ಅದನ್ನು ಅಳೆದು ಪ್ರಕಟಿಸುವ ನಿಯಮ, ವರ್ಷವರ್ಷವೂ ನಿರ್ವಹಣೆಗೆಂದೇ ಮೀಸಲಾದ ಹಣ, ಹೆಸರು ಹಿಡಿದು ಕೇಳಬಹುದಾದ ಒಬ್ಬ ಅಧಿಕಾರಿ: ಈ ನಾಲ್ಕನ್ನು ಕೂಡಿಸಿಕೊಂಡ ದಿನ ಈ ಕೃತಿ ಪೂರ್ಣವಾದೀತು. ಅಲ್ಲಿಯವರೆಗೆ ಅದರ ಪಟ್ಟಿಗಳನ್ನು ಶ್ರದ್ಧೆಯಿಂದ ತುಂಬುವ ಅಧ್ಯಾಪಕನೂ ಕಸಗುಡಿಸುವವನೂ, ಇನ್ನೊಬ್ಬರು ಹೊರಬೇಕಾದ ಹೊಣೆಯನ್ನು ತಾವು ಹೊತ್ತಿದ್ದಾರೆಂದೇ ತಿಳಿಯಬೇಕು.