ತಳಿ ನೋಡಿ ಬರೆದ ನಿಯಮಗಳು

2018ರ ಜೂನ್‌ನಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಸಾಕುನಾಯಿ ಪರವಾನಗಿಗೆಂದು ಹೊಸ ಉಪವಿಧಿಗಳನ್ನು ತಂದಿತು. ಫ್ಲ್ಯಾಟಿನಲ್ಲಿರುವವರಿಗೆ ಒಂದು ನಾಯಿ, ಪ್ರತ್ಯೇಕ ಮನೆಯವರಿಗೆ ಮೂರು. ಫ್ಲ್ಯಾಟಿನಲ್ಲಿ ಎಂಥ ನಾಯಿ ಇರಬಹುದು ಎನ್ನುವುದಕ್ಕೆ ತಳಿಗಳ ಒಂದು ಪಟ್ಟಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ನಾಯಿಗಳಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ನಾಯಿ ಸಾಕಿದವರೂ ಪ್ರಾಣಿದಯಾ ಸಂಘಟನೆಗಳೂ ತಿರುಗಿಬಿದ್ದರು. ಪಾಲಿಕೆ ಉಪವಿಧಿಗಳನ್ನು ಹಿಂದಕ್ಕೆ ಪಡೆಯಿತು. ಜನ ಗೆದ್ದೆವೆಂದುಕೊಂಡರು. ನನಗೆ ಹಾಗನ್ನಿಸುವುದಿಲ್ಲ, ಯಾಕೆಂದರೆ ಅದರೊಂದಿಗೆ ಒಂದು ಒಳ್ಳೆಯ ಅಂಶವೂ ಮೂಲೆಗೆ ಬಿತ್ತು: ಪ್ರತಿ ಸಾಕುನಾಯಿಗೂ ಮೈಕ್ರೋಚಿಪ್ ಹಾಕಿಸಬೇಕು ಎನ್ನುವುದು.

ತಳಿಯ ಪಟ್ಟಿ ಮಾಡುವುದು ಕಚೇರಿಗೆ ಸುಲಭ. ಮನೆಗೆ ಹೋಗಿ ನೋಡಬೇಕಿಲ್ಲ, ಅರ್ಜಿಯಲ್ಲಿ ಬರೆದದ್ದನ್ನು ಪಟ್ಟಿಗೆ ಹೋಲಿಸಿದರೆ ಕೆಲಸ ಮುಗಿಯಿತು. ಆದರೆ ನೆರೆಯವರ ತಾಪತ್ರಯ ನಾಯಿಯ ಗಾತ್ರದಿಂದ ಹುಟ್ಟುವುದಿಲ್ಲ. ದಿನಕ್ಕೆರಡು ಸಲ ಅಡ್ಡಾಡಿಸಿಕೊಂಡು ಬಂದರೆ ಲ್ಯಾಬ್ರಡಾರ್ ಎರಡು ಕೋಣೆಯ ಮನೆಯಲ್ಲೂ ತಣ್ಣಗೆ ಮಲಗಿರುತ್ತದೆ. ಯಜಮಾನರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಬಾಲ್ಕನಿಯಲ್ಲಿ ಒಂಟಿಯಾಗಿ ಉಳಿದ ಪಮೇರಿಯನ್ ಸಂಜೆಯವರೆಗೆ ಬೊಗಳುತ್ತದೆ. ಕೆಳಗಿನ ಮನೆಯ ಬಾಣಂತಿಗೆ ನಿದ್ದೆಯಿಲ್ಲ. ಪಟ್ಟಿಯ ಪ್ರಕಾರ ಈ ಎರಡನೆಯದೇ ನಿಯಮಬದ್ಧ ಮನೆ.

ಆರು ವರ್ಷ ಕಳೆದು ದೆಹಲಿಯೂ ಇದೇ ದಾರಿ ಹಿಡಿಯಿತು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳನ್ನು ಉಗ್ರವೆಂದು ಹೆಸರಿಸಿ, ಅವುಗಳ ಮಾರಾಟಕ್ಕೆ, ಸಾಕಣೆಗೆ ಪರವಾನಗಿ ಕೊಡಬೇಡಿ, ಈಗಾಗಲೇ ಮನೆಗಳಲ್ಲಿರುವವಕ್ಕೆ ಸಂತಾನಹರಣ ಮಾಡಿಸಿ ಎಂದು ರಾಜ್ಯಗಳಿಗೆ ಬರೆಯಿತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಸರಿಯಲ್ಲ ಎಂಬುದು ಒಂದು ಕಾರಣ. ನಾಯಿಯ ನಡವಳಿಕೆಗೆ ಅದನ್ನು ಸಾಕಿದವರು ಹೊಣೆ ಹೊರಬೇಕೆಂಬ ವಿಚಾರವೂ ಆ ತೀರ್ಪಿನಲ್ಲಿ ಬಂತು. ನಾಯಿ ಸಾಕಣೆಯ ಬಗ್ಗೆ ಇತ್ತೀಚೆಗೆ ಬಂದ ಮಾತುಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೆ. ಕಚ್ಚುವ ನಾಯಿಯ ಹಿಂದೆ ಹೆಚ್ಚಾಗಿ ಒಂದು ಗಿಡ್ಡ ಸರಪಳಿ ಇರುತ್ತದೆ, ಒದೆತ ಇರುತ್ತದೆ, ಮರಿಯಾಗಿದ್ದಾಗ ಅಪರಿಚಿತರನ್ನೇ ಕಾಣದ ಒಂದು ಗೇಟು ಇರುತ್ತದೆ. ಇವು ಯಾವ ತಳಿಪಟ್ಟಿಯಲ್ಲೂ ಕಾಣುವುದಿಲ್ಲ.

ವಿಚಿತ್ರವೆಂದರೆ, ಸಾಕಿದವರ ನಡತೆಯನ್ನೇ ನೋಡುವ ಕಾನೂನು ನಮ್ಮಲ್ಲಿ ಆರು ದಶಕದಿಂದ ಇದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960. ಅದರ 11ನೇ ಕಲಂ ಓದಿದವರಿಗೆ ಬರೆದವರು ನಾಯಿಗಳನ್ನು ಹತ್ತಿರದಿಂದ ಬಲ್ಲವರು ಎಂದು ತಿಳಿಯುತ್ತದೆ. ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಯನ್ನು ಸಾಕಷ್ಟು ಓಡಾಡಿಸದೆ ಇರುವುದನ್ನೇ ಅದು ಅಪರಾಧವೆನ್ನುತ್ತದೆ. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಕಾರಣವಿಲ್ಲದೆ ಪ್ರಾಣಿಯನ್ನು ಬಿಟ್ಟುಹೋಗುವುದೂ ಅಪರಾಧ. ಹೊಣೆಯಿಂದ ಸಾಕುವುದೆಂದರೆ ಏನು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ಯಾವ ಪಾಲಿಕೆಯೂ ಬರೆದಿಲ್ಲ. ಆದರೆ ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. 1960ರಲ್ಲಿ ಐವತ್ತು ರೂಪಾಯಿ ಚುರುಕು ಮುಟ್ಟಿಸುವ ಮೊತ್ತವೇ ಆಗಿದ್ದಿರಬೇಕು. ಇವತ್ತು ಅದೇ ಅಂಕಿ ಹಾಗೇ ಕುಳಿತಿದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಕುಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಆರು ತಿಂಗಳವರೆಗೆ ಸೆರೆ, ಐದು ಸಾವಿರದವರೆಗೆ ದಂಡವಿದೆ. ನಾಯಿಯಿಂದ ನಮಗಾಗುವ ತೊಂದರೆಗೆ ಐದು ಸಾವಿರ, ನಮ್ಮಿಂದ ನಾಯಿಗಾಗುವುದಕ್ಕೆ ಐವತ್ತು. ಇದನ್ನು ಸಂಸತ್ತು ತಿದ್ದದೆ ಕೆಳಗಿನ ನಿಯಮ ಯಾವುದೂ ಗಟ್ಟಿಯಾಗುವುದಿಲ್ಲ.

ಬಿಟ್ಟುಹೋದ ನಾಯಿಯನ್ನು ಗುರುತಿಸುವುದು ಕಷ್ಟವಲ್ಲ. ನಮ್ಮ ಬಡಾವಣೆಯ ದರ್ಶಿನಿಯ ಮುಂದೆ ಹೋದ ಮಳೆಗಾಲ ಒಂದು ಕಂದು ಲ್ಯಾಬ್ರಡಾರ್ ಕಾಣಿಸಿಕೊಂಡಿತು. ಬೀದಿನಾಯಿಗಳು ವಾಹನ ನೋಡಿ ಪಕ್ಕಕ್ಕೆ ಸರಿದರೆ ಇದು ನಿಂತ ಪ್ರತಿಯೊಂದು ಕಾರಿನ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿತ್ತು. ಕುತ್ತಿಗೆಯ ಸುತ್ತ ಬೆಲ್ಟ್ ಇದ್ದ ಜಾಗದಲ್ಲಿ ಕೂದಲು ಸವೆದಿತ್ತು. ಬೆಲ್ಟ್ ಬಿಚ್ಚಿಯೇ ಬಿಟ್ಟಿದ್ದರು. ಯಾರ ಮನೆಯದು ಎಂದು ತಿಳಿಯುವ ದಾರಿ ಅದೊಂದೇ ಆಗಿತ್ತು. ಚಿಪ್ ಇದ್ದಿದ್ದರೆ ಬೆಲ್ಟ್‌ನಂತೆ ಅದನ್ನು ಬಿಚ್ಚಲು ಬರುತ್ತಿರಲಿಲ್ಲ. ಬೀದಿನಾಯಿಗಳಲ್ಲಿ ಹೆಚ್ಚಿನವು ಬೀದಿಯಲ್ಲೇ ಹುಟ್ಟಿದವು, ಒಪ್ಪೋಣ. ಆದರೂ ಸಂತಾನಹರಣವಾಗದೆ ಮನೆಯಿಂದ ಹೊರಬಿದ್ದ ಒಂದು ಹೆಣ್ಣುನಾಯಿ, ಪಾಲಿಕೆ ಕಷ್ಟಪಟ್ಟು ಮಾಡಿದ ಶಸ್ತ್ರಚಿಕಿತ್ಸೆಯ ಫಲವನ್ನು ಆ ಬೀದಿಯಲ್ಲಿ ಅಳಿಸಿಹಾಕಬಲ್ಲದು.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಈ ಸಾಲಿನಲ್ಲಿ ಹೆಚ್ಚು ಪ್ರೌಢವಾದವು. ಸಾಕುಪ್ರಾಣಿಗೆ ಜಂತುನಾಶಕ, ಲಸಿಕೆ, ಸಂತಾನಹರಣ ಮಾಡಿಸುವುದು ಸಾಕಿದವರ ಹೊಣೆ ಎಂದು ಅವು ನೇರವಾಗಿ ಹೇಳುತ್ತವೆ. 20ನೇ ನಿಯಮ ಬೀದಿನಾಯಿಗೆ ಅನ್ನ ಹಾಕುವ ಜಾಗವನ್ನು ಕ್ಷೇಮಾಭಿವೃದ್ಧಿ ಸಂಘ ಗೊತ್ತುಮಾಡಬೇಕೆನ್ನುತ್ತದೆ. ಆ ಜಾಗ ಮಕ್ಕಳು ಆಡುವಲ್ಲಿ ಇರಬಾರದು, ಮೆಟ್ಟಿಲು, ಗೇಟುಗಳ ಬಳಿಯೂ ಇರಬಾರದು. ಹಾಕಿದವರು ಗಲೀಜು ಮಾಡಬಾರದು. ಜಗಳವಾದರೆ ಪಶುವೈದ್ಯರು, ಪೊಲೀಸರು, ದೂರುದಾರರು ಎಲ್ಲರೂ ಕೂರುವ ಸಮಿತಿ. ಅನ್ನ ಹಾಕುವವರನ್ನೂ ಹೆದರುವವರನ್ನೂ ಒಂದೇ ಮೇಜಿಗೆ ತರುವ ಈ ಯೋಚನೆ ನನಗೆ ತುಂಬ ಹಿಡಿಸಿದೆ. ಇದು ಸೋಲುವುದು ನಮ್ಮ ಅಪಾರ್ಟ್‌ಮೆಂಟುಗಳ ನೋಟಿಸ್ ಬೋರ್ಡಿನಲ್ಲಿ. ಲಿಫ್ಟಿನಲ್ಲಿ ನಾಯಿ ತರಕೂಡದು, ಅನ್ನ ಹಾಕಿದರೆ ಸಾವಿರ ರೂಪಾಯಿ ದಂಡ ಎಂದು ಅಲ್ಲಿ ಬರೆದಿರುತ್ತದೆ. ಬಹುಮತವಿದ್ದರೂ ಸಂಘವೊಂದು ಸಾಕುಪ್ರಾಣಿಗಳನ್ನು ಪೂರ್ತಿ ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ. ಪಾರ್ಕಿನಲ್ಲಿ ನಾಯಿಯ ಹೊಲಸು ಎತ್ತದೆ ಹೋಗುವವರ ಮೇಲೆ ಜನರಿಗಿರುವ ಸಿಟ್ಟು ಮಾತ್ರ ನಿಜವಾದದ್ದು. ಆ ಸಿಟ್ಟಿಗೆ ದಾರಿ ಸಿಗದೆ ಅದು ನಾಯಿಯ ಮೇಲೆ ಬೀಳುತ್ತಿದೆ.

ಗಿಳಿ, ನಕ್ಷತ್ರ ಆಮೆಗಳ ಬಗ್ಗೆ ಹೇಳಬೇಕಾದ್ದು ಸ್ವಲ್ಪವೇ: ಅವು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ, ಮನೆಯಲ್ಲಿ ಸಾಕುವಂತಿಲ್ಲ. ಬೆಳಿಗ್ಗೆ ಹಾಲು ಕರೆದು ಬೀದಿಗೆ ಬಿಟ್ಟ ಹಸುವಿನ ವಿಷಯ ಮಾತ್ರ ಹಾಗೆ ಮುಗಿಯುವುದಿಲ್ಲ. ತಿಪ್ಪೆಯಲ್ಲಿ ಪ್ಲಾಸ್ಟಿಕ್ ಚೀಲ ಸಮೇತ ಎಂಜಲು ತಿನ್ನುವ ಹಸುವಿಗೆ ಯಜಮಾನರಿದ್ದಾರೆ, ಸಂಜೆ ಅದು ಅವರ ಕೊಟ್ಟಿಗೆಗೇ ಹೋಗುತ್ತದೆ. ಹಳ್ಳಿಗಳಲ್ಲಿ ಇದಕ್ಕೆ ದೊಡ್ಡಿ ಇತ್ತು. ಬೆಳೆ ಮೇಯ್ದ ದನವನ್ನು ದೊಡ್ಡಿಗೆ ತಳ್ಳುವುದು, ಯಜಮಾನ ಬಂದು ದಂಡ ಕಟ್ಟಿ, ಮೇವಿನ ಖರ್ಚು ಕೊಟ್ಟು ಬಿಡಿಸಿಕೊಂಡು ಹೋಗುವುದು. ದೊಡ್ಡಿಯವನು ದನದ ತಳಿ ಕೇಳುತ್ತಿರಲಿಲ್ಲ, ಯಾರದೆಂದು ಕೇಳುತ್ತಿದ್ದ.

ಬೆಂಗಳೂರು ಈಗ ಐದು ಪಾಲಿಕೆಗಳಾಗಿದೆ. ಸಾಕುಪ್ರಾಣಿಗಳ ಉಪವಿಧಿಯನ್ನು ಹೊಸದಾಗಿ ಬರೆಯುವವರು ತಳಿಯ ಕಾಲಂ ತೆಗೆದುಹಾಕಲಿ. ಅದರ ಜಾಗದಲ್ಲಿ ಚಿಪ್ ನಂಬರು, ವರ್ಷವರ್ಷದ ರೇಬಿಸ್ ಲಸಿಕೆಯ ತಾರೀಕು, ಸಾಕಲಾಗದೆ ಹೋದರೆ ನಾಯಿಯನ್ನು ಯಾರಿಗೆ ಒಪ್ಪಿಸುತ್ತೀರಿ ಎನ್ನುವ ಪ್ರಶ್ನೆ ಇರಲಿ. ವರ್ಗವಾದವರು, ಕಾಯಿಲೆ ಬಿದ್ದವರು, ದುಡಿಮೆ ನಿಂತವರು ನಾಚಿಕೆಯಿಲ್ಲದೆ ನಾಯಿಯನ್ನು ಒಪ್ಪಿಸಿ ಹೋಗುವಂಥ ಒಂದು ಜಾಗ ಪ್ರತಿ ಪಾಲಿಕೆಯಲ್ಲೂ ಬೇಕು. ಚಿಪ್ ಓದುವ ಯಂತ್ರ ವಲಯ ಕಚೇರಿಯ ಬೀರುವಿನಲ್ಲಿ ಕೂರದೆ ನಾಯಿ ಹಿಡಿಯುವ ವ್ಯಾನಿನಲ್ಲಿರಬೇಕು, ಪಶು ಆಸ್ಪತ್ರೆಯ ಮೇಜಿನ ಮೇಲಿರಬೇಕು.